ಮೇಷ್ಟ್ರು ತೋರಿಸದ್ದು

ನಮ್ಮ ಕಡೆಯ ಶಾಲೆಗಳಲ್ಲಿ ಡಿಸೆಂಬರ್ ಬಂತೆಂದರೆ ಎರಡು ಸಂಗತಿ ಖಾಯಂ. ಒಂದು, ಕೆಂಪು ಬಸ್ಸು ಗೊತ್ತುಮಾಡಿಕೊಂಡು ಹೋಗುವ ಪ್ರವಾಸ. ಇನ್ನೊಂದು, ಬಂದ ಮರುದಿನ ಬರೆಸುವ ‘ನಾವು ಕೈಗೊಂಡ ಪ್ರವಾಸ’ ಎಂಬ ಪ್ರಬಂಧ. ಬರೆಯುವ ಮಕ್ಕಳು ಎಷ್ಟೇ ಇರಲಿ, ಪ್ರಬಂಧ ಒಂದೇ. ನಸುಕಿನಲ್ಲಿ ಎದ್ದೆವು, ಸ್ನಾನ ಮಾಡಿದೆವು, ಬಸ್ಸಿಗೆ ಪೂಜೆ ಮಾಡಿ ಕಾಯಿ ಒಡೆದೆವು, ಬೇಲೂರಿನ ಶಿಲ್ಪಕಲೆ ಕಂಡು ಆನಂದಪಟ್ಟೆವು, ರಾತ್ರಿ ಕ್ಷೇಮವಾಗಿ ಊರು ಸೇರಿದೆವು. ಆನಂದಪಟ್ಟದ್ದಕ್ಕೆ ಒಂದು ಸಾಲು. ದಾರಿಯಲ್ಲಿ ಬಸ್ಸು ಪಂಕ್ಚರ್ ಆದದ್ದಕ್ಕೆ ಒಂದು ಪುಟ. ಕಂಡಕ್ಟರಣ್ಣ ಚಕ್ರಕ್ಕೆ ಕಲ್ಲು ಕೊಟ್ಟದ್ದು, ನಟ್ಟು ಜಗ್ಗದೆ ಡ್ರೈವರಣ್ಣ ಪಾನಾದ ಮೇಲೆ ಹತ್ತಿ ಕುಣಿದದ್ದು, ಹೊಲದಿಂದ ಬಂದ ಮುದುಕರೊಬ್ಬರು ಎಲ್ಲರಿಗೂ ಹಸಿ ಕಡಲೆಗಿಡ ಕೊಟ್ಟದ್ದು, ಯಾವುದೂ ಬಿಟ್ಟುಹೋಗಿರುವುದಿಲ್ಲ.

ಪ್ರಾಥಮಿಕ ಶಾಲೆಯ ಮೇಷ್ಟ್ರಾಗಿ ಇಂಥ ಪ್ರಬಂಧಗಳನ್ನು ರಾಶಿಗಟ್ಟಲೆ ತಿದ್ದಿದವನು ನಾನು. ಚನ್ನಗಿರಿ, ಹೊನ್ನಾಳಿ, ಆಗಿನ್ನೂ ಹೊನ್ನಾಳಿಯ ಮಡಿಲಲ್ಲೇ ಇದ್ದ ನ್ಯಾಮತಿ, ಅತ್ತ ಜಗಳೂರು ಹೀಗೆ ವರ್ಗಾವಣೆಯ ಕೃಪೆಯಿಂದ ನಾಲ್ಕೂ ಸೀಮೆಯ ಸೀಮೆಸುಣ್ಣ ಸವೆಸಿದ್ದೇನೆ. ತಿದ್ದಿ ತಿದ್ದಿ ಕೊನೆಗೆ ನನಗೆ ಗೊತ್ತಾದದ್ದು ಇಷ್ಟೆ: ಮಕ್ಕಳು ಸುಳ್ಳು ಬರೆಯುವುದಿಲ್ಲ. ನಾವು ತೋರಿಸಿದ್ದಕ್ಕೆ ಮರ್ಯಾದೆಗೆ ಒಂದು ಸಾಲು ಸಲ್ಲಿಸುತ್ತಾರೆ. ತಾವು ನೋಡಿದ್ದಕ್ಕೆ ಪುಟ ಮೀಸಲಿಡುತ್ತಾರೆ.

ನಾನು ಹುಡುಗನಾಗಿದ್ದಾಗ ಪ್ರವಾಸ ಎಂಬುದೇ ಇರಲಿಲ್ಲ. ಇದ್ದದ್ದು ತಕಲಿ. ನಮ್ಮ ಚನ್ನಗಿರಿ ತಾಲ್ಲೂಕು ಆಗ ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. ದಾವಣಗೆರೆ ಜಿಲ್ಲೆಯಾದದ್ದು 1997ರ ಆಗಸ್ಟ್ 15ಕ್ಕೆ. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ಸಂತೇಬೆನ್ನೂರಿನ ಹತ್ತಿರದ ನಮ್ಮ ಹಳ್ಳಿ ಶಾಲೆಯಲ್ಲಿ ವಾರಕ್ಕೆರಡು ಪಿರಿಯಡ್ ಕೈಕಸುಬು. ಒಂದು ಗೇಣಿನ ಉಕ್ಕಿನ ಕಡ್ಡಿ, ಅದರ ಬುಡದಲ್ಲಿ ಹಿತ್ತಾಳೆಯ ಬಿಲ್ಲೆ, ತುದಿಯಲ್ಲಿ ಕೊಕ್ಕೆ. ಎಡಗೈಯಲ್ಲಿ ಹಂಜಿ ಹಿಡಿದು ಬಲಗೈಯಲ್ಲಿ ಕಡ್ಡಿಯನ್ನು ತಿರುವಿ ಬಿಟ್ಟರೆ ತಕಲಿ ತಿರುಗುತ್ತ ಕೆಳಗಿಳಿಯುತ್ತದೆ, ಹಂಜಿ ನೂಲಾಗುತ್ತ ಬರುತ್ತದೆ. ಹಾಗೆ ಬರಬೇಕೆಂದು ಶಾಸ್ತ್ರ. ನಮ್ಮ ತಕಲಿ ಎರಡು ಸುತ್ತು ಸುತ್ತಿ ನೂಲು ಕಡಿದುಕೊಂಡು ಠಣ್ಣನೆ ನೆಲಕ್ಕೆ ಬೀಳುತ್ತಿತ್ತು. ನಲವತ್ತು ತಕಲಿ ಸರದಿಯ ಮೇಲೆ ಬೀಳುವ ಕ್ಲಾಸಿನಲ್ಲಿ ಮೇಷ್ಟ್ರು ಕಣ್ಣು ಮುಚ್ಚಿಕೊಂಡು ಕೂತಿರುತ್ತಿದ್ದರು. ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಹೆಸರಾದ ದಾವಣಗೆರೆಯ ಗಿರಣಿಗಳು ಅಷ್ಟು ಹತ್ತಿರದಲ್ಲಿ ಹಗಲೂ ರಾತ್ರಿ ನೂಲು ತೆಗೆಯುತ್ತಿರುವಾಗ ನಮಗೇಕೆ ಈ ಶಿಕ್ಷೆ ಎಂದು ನಾವು ಕೇಳಲಿಲ್ಲ. ಕೇಳುವ ಧೈರ್ಯವೂ ಇರಲಿಲ್ಲ.

ಅದರ ಮೂಲ ಗೊತ್ತಾದದ್ದು ಮುಂದೆ ಟೀಚರ್ಸ್ ಟ್ರೈನಿಂಗಿಗೆ ಹೋದಾಗ. 1937ರ ಅಕ್ಟೋಬರಿನಲ್ಲಿ ಗಾಂಧೀಜಿ ವಾರ್ಧಾದಲ್ಲಿ ಶಿಕ್ಷಣದ ಸಮ್ಮೇಳನ ಕರೆದರು. ಮಗು ಪುಸ್ತಕ ಓದಿ ಕೈಕೆಲಸ ಕಲಿಯುವುದಲ್ಲ, ಕೈಕೆಲಸ ಮಾಡುತ್ತಲೇ ಲೆಕ್ಕ, ಭೂಗೋಳ, ಚರಿತ್ರೆ ಎಲ್ಲ ಕಲಿಯಬೇಕು ಎಂಬುದು ಅವರ ವಾದ. ಪಠ್ಯಕ್ರಮ ರೂಪಿಸಲು ಜಾಕಿರ್ ಹುಸೇನರ ಸಮಿತಿ ಕೂತಿತು. ಮೂಲಶಿಕ್ಷಣ ಎಂಬ ಹೆಸರಿನಲ್ಲಿ ಅದು ನಾಡೆಲ್ಲ ಹರಡಿತು. ವಾರ್ಧಾದಿಂದ ನಮ್ಮ ಹಳ್ಳಿಗೆ ಬರುವಷ್ಟರಲ್ಲಿ ವಾದ ಹಿಂದೆ ಉಳಿದು ತಕಲಿ ಮಾತ್ರ ಬಂದಿತ್ತು. ಆದರೂ ಒಂದು ಮಾತು ಹೇಳಬೇಕು. ಬಿಲ್ಲೆ ಭಾರವಾಗಿದ್ದರೆ ತಕಲಿ ಹೆಚ್ಚು ಹೊತ್ತು ತಿರುಗುತ್ತದೆ, ಹಗುರಾಗಿದ್ದರೆ ಬೇಗ ನಿಲ್ಲುತ್ತದೆ ಎಂಬುದನ್ನು ನಾವು ಯಾರೂ ಹೇಳದೆ ಕಂಡುಕೊಂಡಿದ್ದೆವು. ಪಕ್ಕದವನ ಭಾರದ ತಕಲಿಯನ್ನು ಕದಿಯುವ ಮಟ್ಟಿಗೆ ಅದು ನಮಗೆ ಮನದಟ್ಟಾಗಿತ್ತು.

ವಿಚಿತ್ರವೆಂದರೆ ಅದೇ 1937ರಲ್ಲಿ ಅತ್ತ ಟೋಕಿಯೋದಲ್ಲಿ ಸೊಸಾಕು ಕೊಬಾಯಾಶಿ ಎಂಬ ಮೇಷ್ಟ್ರು ಹಳೆಯ ರೈಲು ಬೋಗಿಗಳನ್ನೇ ತರಗತಿ ಮಾಡಿಕೊಂಡು ತೊಮೊಯೆ ಎಂಬ ಶಾಲೆ ತೆರೆದರು. ಆ ಶಾಲೆಯ ಕಥೆ ‘ತೊತ್ತೋಚಾನ್’ ಕನ್ನಡಕ್ಕೂ ಬಂದಿದೆ. ನಮ್ಮ ಮೇಷ್ಟ್ರುಗಳ ತರಬೇತಿಯಲ್ಲಿ ಅದರ ಹೆಸರು ಬಾರದ ದಿನ ಕಡಿಮೆ. ಬೆಳಗಿನ ಓದು ಮುಗಿದ ಮೇಲೆ ಮಕ್ಕಳನ್ನು ತಿರುಗಾಡಲು ಕರೆದೊಯ್ಯುತ್ತಿದ್ದ ಶಾಲೆ ಅದು. ಹೂವು, ಹಳ್ಳ, ಗುಡಿ, ಬಾವಿ ನೋಡಿಕೊಂಡು ಬರುವ ಮಕ್ಕಳಿಗೆ ತಾವು ವಿಜ್ಞಾನ, ಚರಿತ್ರೆ ಓದುತ್ತಿದ್ದೇವೆಂಬ ಗುಮಾನಿಯೇ ಇರುತ್ತಿರಲಿಲ್ಲ. 1945ರ ಬಾಂಬ್ ದಾಳಿಯಲ್ಲಿ ಶಾಲೆ ಸುಟ್ಟುಹೋಯಿತು. ನಮ್ಮಲ್ಲೇ ಪುತ್ತೂರಿನಲ್ಲಿ ಶಿವರಾಮ ಕಾರಂತರು ಬಾಲವನ ಕಟ್ಟಿ ಮಕ್ಕಳನ್ನು ಕುಣಿಸಿ, ಹಾಡಿಸಿ, ಗಿಡಮರದ ನಡುವೆ ಬಿಟ್ಟು ಕಲಿಸಲು ಹೊರಟದ್ದೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ. ಮೂರು ಕಡೆ ಮೂವರು, ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಮಕ್ಕಳನ್ನು ಬೆಂಚಿನಿಂದ ಎಬ್ಬಿಸಿದ್ದರು.

ನಮ್ಮನ್ನು ಎಬ್ಬಿಸಿದ್ದು ಮಾತ್ರ ಪೈಸೆ. 1957ರ ಏಪ್ರಿಲ್ 1ಕ್ಕೆ ನಯಾಪೈಸೆ ಬಂತು. ಊರಿನಲ್ಲಿ ವರ್ಷಗಟ್ಟಲೆ ಆಣೆಯೂ ಪೈಸೆಯೂ ಕೂಡಿಯೇ ಓಡಾಡಿದವು. ಒಂದಾಣೆಗೆ 6 ಪೈಸೆ, ನಾಲ್ಕಾಣೆಗೆ 25 ಪೈಸೆ ಎಂದು ಮೇಷ್ಟ್ರು ಬೋರ್ಡಿನ ಮೇಲೆ ಬರೆದರು. ಹಾಗಾದರೆ ಒಂದೊಂದೇ ಆಣೆಯಂತೆ ನಾಲ್ಕು ಸಲ ಕೊಟ್ಟರೆ 24, ನಾಲ್ಕಾಣೆಯನ್ನು ಒಟ್ಟಿಗೆ ಕೊಟ್ಟರೆ 25. ನಡುವಿನ ಒಂದು ಪೈಸೆ ಎಲ್ಲಿ ಹೋಯಿತು? ಮೇಷ್ಟ್ರು ನಮ್ಮನ್ನೇ ಶೆಟ್ಟರ ಅಂಗಡಿಗೆ ಅಟ್ಟಿದರು. ಶೆಟ್ಟರು ತಕ್ಕಡಿಯ ಹಿಂದಿನಿಂದ ನಕ್ಕು, ‘ಆ ಪೈಸೆ ನನ್ನ ಗಲ್ಲಾಪೆಟ್ಟಿಗ್ಯಾಗೆ ಐತಿ, ಹೋಗ್ರಪ್ಪ’ ಎಂದರು. ಭಿನ್ನರಾಶಿಯ ಮೇಲೆ ಅದಕ್ಕಿಂತ ಒಳ್ಳೆಯ ಪಾಠವನ್ನು ನಾನು ಕೇಳಿಲ್ಲ.

ಮೇಷ್ಟ್ರಾದ ಮೇಲೆ ಬಸ್ಸಿನ ಯುಗ ಶುರುವಾಯಿತು. ಜೋಗ, ಹಂಪಿ, ಬೇಲೂರು-ಹಳೇಬೀಡು, ಮೈಸೂರು. ಹುಡುಗರ ಅಪ್ಪಂದಿರು ಅಡಿಕೆ ಮಾರಿದ ವರ್ಷ ಬಸ್ಸು ತುಂಬುತ್ತಿತ್ತು, ಮಳೆ ಕೈಕೊಟ್ಟ ವರ್ಷ ಅರ್ಧವಾಗುತ್ತಿತ್ತು. ಪ್ರವಾಸದ ವಿಧಿವಿಧಾನ ನಮಗೆಲ್ಲ ಬಾಯಿಪಾಠ. ಪೋಷಕರ ಒಪ್ಪಿಗೆ ಪತ್ರ, ಬಿಇಒ ಆಫೀಸಿನ ಅನುಮತಿ, ಔಷಧಿ ಡಬ್ಬಿ, ವಾಂತಿ ಮಾಡುವವರಿಗೆ ಕಿಟಕಿ ಪಕ್ಕದ ಸೀಟು, ಮೂಸಲು ನಿಂಬೆಹಣ್ಣು. ಬುತ್ತಿ ಬಿಚ್ಚಿದರೆ ಚನ್ನಗಿರಿಯ ಹುಡುಗರದ್ದು ಚಿತ್ರಾನ್ನ, ಜಗಳೂರಿನವರದ್ದು ಜೋಳದ ರೊಟ್ಟಿ ಮೇಲೆ ಶೇಂಗಾ ಚಟ್ನಿ, ಎಲ್ಲರ ಚೀಲದ ತಳದಲ್ಲೂ ದಾವಣಗೆರೆ ಮಂಡಕ್ಕಿ. ಹೊಯ್ಸಳರ ಮದನಿಕೆಯರ ಮುಂದೆ ನಿಂತು ಗೈಡು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನಾನು ಕನ್ನಡಕ್ಕೆ ತರುತ್ತಿದ್ದಾಗ, ಹುಡುಗರ ಕಣ್ಣೆಲ್ಲ ಅಲ್ಲೇ ಅಳಿಲೊಂದು ಮಂಡಕ್ಕಿ ಎತ್ತಿಕೊಂಡು ಕಂಬ ಹತ್ತುವುದರ ಮೇಲೆ.

ದೂರದ ಪ್ರವಾಸ ಬೇಡವೆನ್ನುವವನಲ್ಲ ನಾನು. ಕಾಸು ಹೊಂದದ ವರ್ಷಗಳಲ್ಲಿ ಹತ್ತಿರದ ಜಾಗಕ್ಕೇ ಹೋಗಬೇಕಾಗಿ ಬಂದು, ಆ ದಿನಗಳೇ ನನ್ನ ನೆನಪಿನಲ್ಲಿ ಗಟ್ಟಿಯಾಗಿ ಉಳಿದುಬಿಟ್ಟಿವೆ. ಇಲಾಖೆಯ ಭಾಷೆಯಲ್ಲಿ ಅವಕ್ಕೆ ಹೊರಸಂಚಾರ ಎಂದು ಹೆಸರು. ಒಪ್ಪತ್ತಿನ ಕೆಲಸ.

ಚನ್ನಗಿರಿಯ ಶಾಲೆಗಳಿಗೆ ಹೊರಸಂಚಾರವೆಂದರೆ ಸೂಳೆಕೆರೆ. ಶಾಂತಿಸಾಗರ ಎಂಬ ಮರ್ಯಾದೆಯ ಹೆಸರೂ ಅದಕ್ಕಿದೆ. ಏಷ್ಯಾದಲ್ಲೇ ಎರಡನೆಯ ದೊಡ್ಡ ಕೆರೆ ಎಂದು ನಮ್ಮವರು ಹೇಳುತ್ತಾರೆ. ‘ಮೊದಲ್ನೇದು ಯಾವ್ದು ಸಾ?’ ಎಂದು ಕೇಳದ ಮಗುವಿಲ್ಲ. ಅದಕ್ಕೆ ಊರಿಗೊಂದು ಉತ್ತರ. ಸ್ವರ್ಗಾವತಿ ಪಟ್ಟಣದ ರಾಜಕುಮಾರಿ ಶಾಂತವ್ವ ಕಟ್ಟಿಸಿದಳೆಂಬ ಕಥೆ ಹೇಳುತ್ತ ಏರಿಯ ಮೇಲೆ ನಡೆಸುತ್ತಿದ್ದೆ. ಅಷ್ಟು ದೊಡ್ಡ ಕೆರೆಗೆ ಇಷ್ಟು ಗಿಡ್ಡ ಏರಿ! ಎರಡು ಗುಡ್ಡಗಳ ನಡುವಿನ ಸಂದನ್ನು ಮುಚ್ಚಿ ಹರಿದ್ರಾ ಹೊಳೆಯನ್ನು ನಿಲ್ಲಿಸಿದ್ದರಿಂದ ಉಳಿದ ಏರಿಯ ಕೆಲಸವನ್ನು ಗುಡ್ಡಗಳೇ ಮಾಡಿವೆ. ಸಿದ್ಧನ ತೂಬು, ಬಸವನ ತೂಬು ತೋರಿಸಿ, ಈಗ ಭದ್ರಾ ಕಾಲುವೆಯ ನೀರೂ ಇಲ್ಲಿಗೆ ಬರುತ್ತದೆ, ಇಲ್ಲಿಂದ ಚಿತ್ರದುರ್ಗದವರೆಗೆ ಕುಡಿಯುವ ನೀರು ಹೋಗುತ್ತದೆ ಎಂದು ಪಾಠ ಒಪ್ಪಿಸಿ ತಿರುಗಿದರೆ ಹಿಂದೆ ಒಬ್ಬ ಹುಡುಗನೂ ಇಲ್ಲ. ಎಲ್ಲ ಕೆಳಗೆ ದಡದಲ್ಲಿ, ಹರಿಗೋಲು ಮಗುಚಿ ಹಾಕಿ ತಳಕ್ಕೆ ಡಾಂಬರು ಬಳಿಯುತ್ತಿದ್ದ ಬೆಸ್ತರೊಬ್ಬರ ಸುತ್ತ. ಬಿದಿರಿನ ಹೆಣಿಗೆ ಹೇಗೆ, ಡಾಂಬರು ಏಕೆ, ಮೂಲೆಯೇ ಇಲ್ಲದ ದೋಣಿಗೆ ಮುಂದು ಯಾವುದು ಹಿಂದು ಯಾವುದು? ಆ ಮನುಷ್ಯ ಒಣಗಿದ ಇನ್ನೊಂದು ಹರಿಗೋಲನ್ನು ನೀರಿಗೆ ತಳ್ಳಿ ಹತ್ತಿ, ಒಂದೇ ಕಡೆ ಹುಟ್ಟು ಹಾಕಿ ಗಿರಗಿರನೆ ತಿರುಗಿಸಿ, ಆಮೇಲೆ ಹುಟ್ಟನ್ನು ತನ್ನ ಮುಂದೆ ಅತ್ತಿತ್ತ ಆಡಿಸಿ ನೆಟ್ಟಗೆ ಹೋಗಿ ತೋರಿಸಿದರು. ಆ ವರ್ಷದ ಪ್ರಬಂಧದಲ್ಲಿ ಶಾಂತವ್ವನಿಗೆ ಒಂದು ಸಾಲು ಸಿಕ್ಕಿತು.

ಸಂತೇಬೆನ್ನೂರಿನ ಪುಷ್ಕರಣಿಯಲ್ಲೂ ಅದೇ ಕಥೆ. ಪಾಳೇಗಾರ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಕೊಳ, ನಡುವೆ ನೀರಿನ ಮೇಲೆ ವಸಂತಮಂಟಪ, ದಡದಲ್ಲಿ ಬಿಜಾಪುರದವರ ಕಾಲದ ಮುಸಾಫಿರ್‌ಖಾನೆ. ಎರಡು ರಾಜ್ಯಗಳ ಜಗಳ ಒಂದೇ ಕೊಳದ ದಂಡೆಯಲ್ಲಿ ಎದುರುಬದುರು ನಿಂತಿರುವುದು ಚರಿತ್ರೆ ಮೇಷ್ಟ್ರಿಗೆ ಹಬ್ಬ. ಮಕ್ಕಳಿಗೆ ಮೆಟ್ಟಿಲು ಹಬ್ಬ. ನೀರು ಎಷ್ಟು ಮೆಟ್ಟಿಲು ಇಳಿದಿದೆ ಎಂದು ಪ್ರತಿ ವರ್ಷ ಎಣಿಸಿ ಗೋಡೆಯ ಮೇಲೆ ಬರೆದಿಡುವ ಪದ್ಧತಿಯನ್ನು ನನ್ನ ತರಗತಿಯ ಹುಡುಗಿಯರೇ ಶುರುಮಾಡಿದರು. ಗೋಡೆ ಶಾಲೆಯದೇ.

ಹೊನ್ನಾಳಿಗೆ ಬಂದಾಗ ಚಿನ್ನ ಸಿಕ್ಕಿತು. ಹೊನ್ನಾಳಿ ಸೀಮೆಯ ಕುದುರೆಕೊಂಡ, ಪಲವನಹಳ್ಳಿಗಳ ಕಡೆ ನೂರು ವರ್ಷಕ್ಕೂ ಹಿಂದೆ ಕಂಪನಿಗಳು ಗಣಿ ತೋಡಿ ಚಿನ್ನ ತೆಗೆದಿದ್ದವು. ಬಂಗಾರ ಇಲ್ಲಿ ಬೆಣಚುಕಲ್ಲಿನ ಸೀಳುಗಳಲ್ಲಿ ಅಡಗಿರುತ್ತದೆ ಎಂದು ನಾನು ಹೇಳಿದ್ದೇ ತಡ, ಹೊಲದ ಬದುವಿನಲ್ಲಿ ಬಿದ್ದಿದ್ದ ಬಿಳಿ ಕಲ್ಲೆಲ್ಲ ಚಡ್ಡಿ ಜೇಬು ಸೇರಿತು. ಮರುದಿನ ಇಬ್ಬರು ತಾಯಂದಿರು ಜೇಬು ಹರಿದ ಚಡ್ಡಿ ಹಿಡಿದುಕೊಂಡು ಸ್ಕೂಲಿಗೇ ಬಂದರು. ‘ಬಂಗಾರ ಸಿಕ್ಕರೆ ಜರತಾರಿ ಚಡ್ಡಿನೇ ಹೊಲಿಸೋಣ ಬಿಡ್ರವ್ವ’ ಎಂದು ಸಮಾಧಾನ ಮಾಡಿ ಕಳಿಸಿದೆ.

ಬಂಗಾರವೇನೂ ಸಿಗಲಿಲ್ಲ. ಆದರೆ ಮೂರನೇ ದಿನ ನಾಲ್ಕನೇ ಕ್ಲಾಸಿನ ಒಬ್ಬ ಹುಡುಗ ಏದುಸಿರು ಬಿಡುತ್ತ ಬಂದು, ‘ಸಾ, ಕಲ್ಲೊಳಗೆ ದೀಪ ಐತೆ ಸಾ’ ಎಂದ. ರಾತ್ರಿ ಕರೆಂಟು ಹೋದಾಗ ಸುಮ್ಮನೆ ಕೂರಲಾರದೆ ಎರಡು ಬೆಣಚುಕಲ್ಲು ತಿಕ್ಕಿದನಂತೆ. ಬಾಗಿಲು, ಕಿಟಕಿ ಹಾಕಿ, ಸಂದಿಗೆಲ್ಲ ಗೋಣಿಚೀಲ ತುರುಕಿ ಕತ್ತಲೆ ಮಾಡಿಕೊಂಡೆವು. ಹುಡುಗರು ಕಲ್ಲಿಗೆ ಕಲ್ಲು ಒತ್ತಿ ಉಜ್ಜಿದರು. ಮೊದಲು ಏನೂ ಇಲ್ಲ. ಕಣ್ಣು ಕತ್ತಲೆಗೆ ಹೊಂದಿಕೊಂಡ ಮೇಲೆ ಕಲ್ಲಿನ ಒಳಗಿನಿಂದಲೇ ಮಂದವಾದ ಹಳದಿ ಬೆಳಕು ಮಿಣಕ್ ಎಂದಿತು. ಕಿಡಿಯಲ್ಲ, ಬಿಸಿಯಿಲ್ಲ, ಆದರೆ ಮೂಗಿಗೆ ಸುಟ್ಟ ವಾಸನೆ. ಬೆಣಚುಕಲ್ಲನ್ನು ತಿಕ್ಕಿದರೆ, ಒಡೆದರೆ ಬೆಳಕು ಬಿಡುತ್ತದೆಂಬುದು ವಿಜ್ಞಾನಕ್ಕೆ ಹಳೆಯ ವಿಷಯ. ನೀರಿನೊಳಗೆ ಮುಳುಗಿಸಿ ತಿಕ್ಕಿದರೂ ಬರುತ್ತದೆ. ಬಕೆಟ್ಟಿನಲ್ಲಿ ಅದನ್ನೂ ಮಾಡಿದೆವು. ಕತ್ತಲಲ್ಲಿ ಯಾರ ಕಲ್ಲು ಯಾರದೆಂದು ಗೊತ್ತಾಗದೆ ಒಂದು ಜಗಳವೂ ಆಯಿತು. ಗಣಿಯ ಮೇಲೆ ನಾನು ಟಿಪ್ಪಣಿ ಮಾಡಿಕೊಂಡು ಹೋಗಿ ಮಾಡಿದ ಪಾಠ ಯಾರಿಗೆ ನೆನಪಿದೆಯೋ ಗೊತ್ತಿಲ್ಲ. ಆ ಹುಡುಗ ಈಗ ಎರಡು ಮಕ್ಕಳ ತಂದೆ, ಹಳ್ಳಿಯಲ್ಲಿ ಬೋರ್‌ವೆಲ್ ಮೋಟಾರು ರಿಪೇರಿ ಮಾಡುತ್ತಾನೆ. ಕರೆಂಟು ಹೋದ ರಾತ್ರಿ ತನ್ನ ಮಕ್ಕಳಿಗೂ ಕಲ್ಲು ತಿಕ್ಕಿ ತೋರಿಸುತ್ತಾನಂತೆ.

ನ್ಯಾಮತಿ ಕಡೆ ತೀರ್ಥರಾಮೇಶ್ವರದ ಗುಡ್ಡವಿದೆ. ಬೇಸಿಗೆಯಲ್ಲೂ ಬತ್ತದ ತೀರ್ಥ, ಕಾಶಿಯಿಂದ ಬರುತ್ತದೆಂದು ಹಿರಿಯರ ನಂಬಿಕೆ. ಅಲ್ಲಿಗಿಂತ ಹೆಚ್ಚು ಕಲಿತದ್ದು ನಾವು ತಾಂಡಾದವರಿಂದ. ಬಂಜಾರರ ಸಂತ ಸೇವಾಲಾಲರ ಜನ್ಮಸ್ಥಳ ಸೂರಗೊಂಡನಕೊಪ್ಪ ಇರುವುದು ಇದೇ ತಾಲ್ಲೂಕಿನಲ್ಲಿ. ಫೆಬ್ರವರಿಯ ಜಯಂತಿಗೆ ಎಲ್ಲೆಲ್ಲಿಂದಲೋ ಮಾಲಾಧಾರಿಗಳು ಬರುತ್ತಾರೆ. ನನ್ನ ಶಾಲೆಯಲ್ಲಿ ಅರ್ಧದಷ್ಟು ತಾಂಡಾದ ಮಕ್ಕಳು. ಒಬ್ಬ ಹುಡುಗಿಯ ಅಜ್ಜಿಯನ್ನು ಶನಿವಾರ ಶಾಲೆಗೆ ಕರೆಸಿದೆ. ಕನ್ನಡಿ ಚೂರು, ಕವಡೆ, ಬಣ್ಣದ ದಾರದ ಗಂಟು ಬಿಚ್ಚಿ ಕೂತ ಆಕೆ ಕನ್ನಡಿಯ ಸುತ್ತ ಮೊದಲು ನಾಲ್ಕು ಅಡ್ಡ ದಾರ ಹಾಕಿ ಹಿಡಿತ ಮಾಡಿ, ಅದರ ಮೇಲೆ ಸುತ್ತು ಹೊಲಿಗೆ ಹಾಕುವುದನ್ನು ತೋರಿಸಿದರು. ಅಂಟಿಲ್ಲ, ತೂತಿಲ್ಲ, ಆದರೂ ಗಾಜು ಅಲ್ಲಾಡುವುದಿಲ್ಲ. ಗಂಡು ಹುಡುಗರು ಮೊದಲು ಕಿಸಕ್ಕೆಂದರು. ಅರ್ಧ ಗಂಟೆಯಲ್ಲಿ ಕರವಸ್ತ್ರ ತಂದು ಸಾಲಾಗಿ ಕೂತರು. ಅಜ್ಜಿ ದಾರವನ್ನು ಹಲ್ಲಿನಿಂದ ಕಡಿಯುತ್ತ ನನ್ನ ಕಡೆ ನೋಡಿ ಹೇಳಿದರು: ‘ಸೂಜಿ ಕೈಗೆ ಬಂದ್ರೆ ಯಾರೂ ಗಲಾಟಿ ಮಾಡಲ್ಲ ನೋಡ್ರಿ ಮೇಷ್ಟ್ರೇ. ಬೆತ್ತ ಯಾಕೆ ಇಟ್ಟೀರಿ?’ ಎಲ್ಲಕ್ಕಿಂತ ದೊಡ್ಡದು ಅಂದು ಆ ಹುಡುಗಿಯ ಮುಖ. ಅದುವರೆಗೆ ಕಡೆಯ ಸಾಲಿನಲ್ಲಿ ಕೂರುತ್ತಿದ್ದವಳು ಅಜ್ಜಿಯ ಮಾತನ್ನು ಕನ್ನಡಕ್ಕೆ ತರುವ ಮೇಷ್ಟ್ರಾಗಿದ್ದಳು.

ಜಗಳೂರಿನ ರಂಗಯ್ಯನದುರ್ಗ ಕೊಂಡುಕುರಿಗಳ ಕಾಡು. 2011ರಲ್ಲಿ ವನ್ಯಧಾಮವಾಯಿತು, ಸುಮಾರು 77 ಚದರ ಕಿಲೋಮೀಟರ್. ಜಗತ್ತಿನಲ್ಲಿ ನಾಲ್ಕು ಕೊಂಬಿನ ಕಾಡುಪ್ರಾಣಿ ಅದೊಂದೇ, ಕೊಂಬಿರುವುದು ಗಂಡಿಗೆ ಮಾತ್ರ ಎಂದೆಲ್ಲ ಆಸೆ ಹುಟ್ಟಿಸಿ ಕರೆದೊಯ್ದೆ. ಕೊಂಡುಕುರಿ ಮಹಾ ಸಂಕೋಚದ ಜೀವ. ನಲವತ್ತು ಹುಡುಗರು ಪಿಸುಗುಟ್ಟಿದರೆ ಕಾಡಿನಲ್ಲಿ ಅದು ಸಂತೆ. ಒಂದು ಕೊಂಬೂ ಕಾಣಲಿಲ್ಲ. ಕಂಡದ್ದು ಹಿಕ್ಕೆಯ ರಾಶಿ. ಫಾರೆಸ್ಟ್ ವಾಚರ್ ಮೊಣಕಾಲೂರಿ ಕೂತು ಹೇಳಿದರು: ಈ ಪ್ರಾಣಿ ಮತ್ತೆ ಮತ್ತೆ ಅದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಮೇಲಿನದು ಕರಿ, ಹಸಿ. ಅಡಿಯದು ಬಿಳಿಚಿ ಒಣಗಿದೆ. ಅಂದರೆ ಇಂದು ನಿನ್ನೆಯಲ್ಲಿ ಬಂದು ಹೋಗಿದೆ, ಹಿಂದೆಯೂ ಬರುತ್ತಿತ್ತು. ಹುಡುಗರು ಕಡ್ಡಿ ಹಿಡಿದು ಕೆದಕಿ ಬೀಜ ಹುಡುಕಿದರು, ಕುರಿಯ ಹಿಕ್ಕೆಗೂ ಇದಕ್ಕೂ ವ್ಯತ್ಯಾಸ ಹೇಳಿದರು. ಕುರಿ ಸಾಕುವ ಮನೆಯ ಹುಡುಗರು ಅವರು. ಆ ವಿಷಯದಲ್ಲಿ ವಾಚರಿಗೇ ಎರಡು ಮಾತು ಹೇಳಿಕೊಟ್ಟರು.

ಅದೇ ಹುಡುಗರನ್ನು ಮರುವರ್ಷ ಸೂಳೆಕೆರೆಗೆ ಕರೆತಂದೆ. ಜಗಳೂರೆಂದರೆ ಮಳೆಗಾಗಿ ಆಕಾಶ ನೋಡುವ ಸೀಮೆ. ಏರಿಯ ಮೇಲೆ ಹತ್ತಿದ ಮಕ್ಕಳು ಸ್ವಲ್ಪ ಹೊತ್ತು ಮಾತೇ ಆಡಲಿಲ್ಲ. ಆಮೇಲೆ ಒಬ್ಬ ಕೇಳಿದ: ‘ಇದೆಲ್ಲ ಯಾರ್ದು ಸಾ?’

‘ಸರ್ಕಾರದ್ದು ಕಣೋ.’

‘ಹಂಗಾದ್ರೆ ನಮ್ಮೂರಾಗೂ ಸರ್ಕಾರ ಐತಲ್ಲ ಸಾ, ನೀರ್ಯಾಕಿಲ್ಲ?’

ಪೌರನೀತಿಯ ಯಾವ ಅಧ್ಯಾಯದಲ್ಲೂ ಇಷ್ಟು ನೆಟ್ಟಗಿನ ಪ್ರಶ್ನೆ ಇರುವುದಿಲ್ಲ. ತುಂಗಭದ್ರೆಯಿಂದ ನೀರೆತ್ತಿ ಜಗಳೂರು ತಾಲ್ಲೂಕಿನ 57 ಕೆರೆ ತುಂಬಿಸುವ ಯೋಜನೆ ಆಮೇಲೆ ಬಂತು. ಆ ಸುದ್ದಿ ಪತ್ರಿಕೆಯಲ್ಲಿ ಓದಿದಾಗಲೆಲ್ಲ ನನಗೆ ಮೊದಲು ಕಾಣುವುದು ಅವನ ಮುಖ.

ಈಗ ಇಲಾಖೆಯೇ ಮಕ್ಕಳನ್ನು ಹೊರಗೆ ಕರೆಯುತ್ತಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಹುಟ್ಟಿದ ನಲಿ-ಕಲಿ 2009-10ರಲ್ಲಿ ರಾಜ್ಯವೆಲ್ಲ ವ್ಯಾಪಿಸಿ ಚಿಕ್ಕ ತರಗತಿಗಳ ಬೆಂಚು ತೆಗೆಸಿತು. ಮಕ್ಕಳು ಕಾರ್ಡು ಹಿಡಿದು ಕಲಿಕಾ ಏಣಿ ಹತ್ತತೊಡಗಿದರು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಆರರಿಂದ ಎಂಟನೇ ತರಗತಿಯವರಿಗೆ 10 ದಿನ ಬ್ಯಾಗಿಲ್ಲದೆ ಬನ್ನಿ ಎಂದಿತು. 2023ರ ಆರಂಭದಲ್ಲಿ ಊರೂರಲ್ಲಿ ಕಲಿಕಾ ಹಬ್ಬ ನಡೆಯಿತು. ‘ಕಾಗದ-ಕತ್ತರಿ’, ‘ಊರು ತಿಳಿಯೋಣ’ ಎಂಬ ಚೆಂದದ ಹೆಸರಿನ ಗುಂಪುಗಳು. ಮಕ್ಕಳೇ ಅಂಗಡಿ ಹಾಕಿ ಮಾರುವ ಮೆಟ್ರಿಕ್ ಮೇಳಗಳಂತೂ ಜಾತ್ರೆಗಳೇ ಆಗಿಬಿಟ್ಟಿವೆ.

ಅಂಥದೊಂದು ಮೇಳಕ್ಕೆ ಚೀಲ ಹಿಡಿದು ಹೋಗಿದ್ದೆ. ಐದನೇ ಕ್ಲಾಸಿನ ಹುಡುಗಿ ಮೆಂತ್ಯಸೊಪ್ಪು ಮಾರುತ್ತಿದ್ದಳು. ಕಟ್ಟಿಗೆ ಹತ್ತು ರೂಪಾಯಿ. ಮೂರಕ್ಕೆ ಇಪ್ಪತ್ತೈದು ಕೊಡುತ್ತೇನೆಂದೆ. ಅವಳು ಸೊಪ್ಪು ಕೆಳಗಿಟ್ಟು ಅಂಗೈ ಮೇಲೆ ಪೆನ್ನಿನಿಂದ ಭಾಗಿಸಿದಳು. ‘ಒಂದಕ್ಕೆ ಎಂಟು ರೂಪಾಯಿ ಮೂವತ್ತ್ಮೂರು ಪೈಸೆ ಬೀಳುತ್ತೆ. ಆಮೇಲೂ ಮೂರು, ಮೂರು ಅಂತ ಮುಗಿಯೋದೇ ಇಲ್ಲ ಅಜ್ಜಾ. ಮೂವತ್ತೇ ಕೊಡಿ, ಲೆಕ್ಕ ಮುಗೀಲಿ.’ ಶೆಟ್ಟರ ಗಲ್ಲಾಪೆಟ್ಟಿಗೆಗೆ ಹೋದ ನನ್ನ ಬಾಲ್ಯದ ಒಂದು ಪೈಸೆಗೆ ಕೊನೆಗೂ ತಕ್ಕ ವಾರಸುದಾರಳು ಸಿಕ್ಕಿದಳು. ಮೂವತ್ತು ಕೊಟ್ಟೆ. ಅಷ್ಟರಲ್ಲಿ ಯಾರೋ ಬಂದು ಅವಳನ್ನು ನೆಟ್ಟಗೆ ನಿಲ್ಲಿಸಿ, ಸೊಪ್ಪನ್ನು ಎದೆಯ ಮಟ್ಟಕ್ಕೆ ಹಿಡಿಸಿ ಫೋಟೋ ತೆಗೆದರು. ಫೋಟೋದಲ್ಲಿ ಸೊಪ್ಪು ಬಂತು, ಅಂಗೈ ಬರಲಿಲ್ಲ.

ನನ್ನ ತಕರಾರು ಇರುವುದು ಅಷ್ಟಕ್ಕೇ. ನೋಡಬೇಕಾದ್ದನ್ನೆಲ್ಲ ಮೊದಲೇ ಪಟ್ಟಿ ಮಾಡಿ, ನೋಡಿದ್ದಕ್ಕೆ ಟಿಕ್ ಹಾಕಿಸಿ, ಗುಂಪು ಫೋಟೋ ತೆಗೆದು ಕಳಿಸುವ ಪ್ರವಾಸದಲ್ಲಿ ಬಸ್ಸು ಪಂಕ್ಚರ್ ಆಗಲು ಹೊತ್ತೇ ಇರುವುದಿಲ್ಲ. ಪಟ್ಟಿ ಇರಲಿ, ಮೇಷ್ಟ್ರಿಗೆ ಅದು ಬೇಕು. ಅದರಲ್ಲಿ ಅರ್ಧ ದಿನದಷ್ಟು ಜಾಗ ಖಾಲಿ ಇರಲಿ. ಜಗಳೂರಿನವರು ಸೂಳೆಕೆರೆಗೆ, ಚನ್ನಗಿರಿಯವರು ಕೊಂಡುಕುರಿ ಕಾಡಿಗೆ, ಹೊನ್ನಾಳಿಯವರು ತಾಂಡಾಕ್ಕೆ, ನ್ಯಾಮತಿಯವರು ಪುಷ್ಕರಣಿಗೆ ಹೋಗಿಬರಲು ಒಂದೇ ಹಗಲು ಸಾಕು. ಒಂದೇ ಜಿಲ್ಲೆಯ ಮಕ್ಕಳು ಒಬ್ಬರ ಊರನ್ನೊಬ್ಬರು ನೋಡದೆ ನೇರ ಮೈಸೂರು ಮೃಗಾಲಯಕ್ಕೆ ಹೋಗುವುದು ನನಗೆ ಸರಿಕಾಣುವುದಿಲ್ಲ.

ಮೊನ್ನೆ ಜಗಳೂರು ಕಡೆಯ ಒಬ್ಬ ಹೊಸ ಮೇಷ್ಟ್ರು ಫೋನು ಮಾಡಿದ್ದರು. ಸೂಳೆಕೆರೆಗೆ ಮಕ್ಕಳನ್ನು ಕರೆದೊಯ್ಯಲು ಅನುಮತಿ ಅರ್ಜಿ ತುಂಬುತ್ತಿದ್ದಾರಂತೆ. ‘ಸಾರ್, ಪ್ರವಾಸದ ಉದ್ದೇಶ ಅಂತ ಒಂದು ಕಾಲಂ ಇದೆ. ಅಲ್ಲಿ ಮಕ್ಕಳು ಏನು ಕಲಿಯುತ್ತಾರೆ ಅಂತ ವಿವರವಾಗಿ ಬರೀಬೇಕಂತೆ. ಏನು ಬರೀಲಿ?’

‘ಶೈಕ್ಷಣಿಕ ಅಂತ ಬರೀರಿ’ ಎಂದೆ. ‘ವಿವರ ಬೇಕಾದರೆ ಹೋಗಿಬಂದ ಮೇಲೆ ಮಕ್ಕಳನ್ನೇ ಕೇಳಿ ತುಂಬೋಣ.’